ಆರನೆಯ ಏಟು

ನನ್ನ ಅಪ್ಪ ದರ್ಜಿ. ಇಪ್ಪತ್ತೆರಡು ವರ್ಷ ಒಂದು ಟೀವಿ ಸ್ಟುಡಿಯೋದಲ್ಲಿ ನಟರ ಬಟ್ಟೆ ಹೊಲಿದ. ಅಲ್ಲಿ ಆಕಾಶನೌಕೆಯ ಧಾರಾವಾಹಿಯೊಂದು ತಯಾರಾಗುತ್ತಿತ್ತು. ಅದರ ಒಂದು ಕಂತಿನಲ್ಲಿ ದರ್ಜಿಯ ಪಾತ್ರ ಮಾಡಬೇಕಿದ್ದವನು ಕೈಕೊಟ್ಟ. ಅಪ್ಪನ ಕೊರಳಲ್ಲಿ ಹೇಗೂ ಅಳತೆಯ ಟೇಪು ನೇತಾಡುತ್ತಿತ್ತು. ನಿರ್ದೇಶಕ ಅವನನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದ.

ಕಂತಿನ ಕಥೆ ಇಷ್ಟೇ. ನೌಕೆಯ ಕಪ್ತಾನ ತನ್ನ ಸನ್ಮಾನಕ್ಕೆಂದು ಹೊಲಿಸಿದ ಕೋಟು ವೇದಿಕೆಯ ಮೇಲೆಯೇ ಬೆನ್ನಲ್ಲಿ ಪರ್ರೆಂದು ಹರಿಯುತ್ತದೆ. ಅವನು ಕಾಲಯಂತ್ರ ಹತ್ತಿ ಒಂದು ದಿನ ಹಿಂದಕ್ಕೆ ಬಂದು, ದರ್ಜಿಯ ಕೆನ್ನೆಗೆ ಬಾರಿಸಿ, ನೆಟ್ಟಗೆ ಹೊಲಿ ಎನ್ನುತ್ತಾನೆ. ಮರುದಿನ ಕೋಟು ತೋಳಿನಲ್ಲಿ ಹರಿಯುತ್ತದೆ. ಅವನು ಮತ್ತೆ ಬರುತ್ತಾನೆ. ದರ್ಜಿಗೆ ಹಿಂದಿನದೊಂದೂ ನೆನಪಿಲ್ಲ. ಪ್ರತಿ ಸಲವೂ ಹಲ್ಲುಕಿರಿದು, "ಬನ್ನಿ ಸಾಹೇಬ್ರೇ, ನಮ್ಮಂಗ್ಡಿಗೆ ಹೊಸಬ್ರಾ?" ಎನ್ನುತ್ತಾನೆ. ಒಟ್ಟು ಒಂಬತ್ತು ಏಟು.

ಜನ ಬಿದ್ದು ಬಿದ್ದು ನಗುವುದು ಆರನೆಯದಕ್ಕೆ. "ಈಗಲಾದ್ರೂ ಗುರುತು ಸಿಕ್ತೇನಯ್ಯಾ?" ಎಂದು ಕಪ್ತಾನ ಗದರುತ್ತಾನೆ. ಅಪ್ಪ ಅವನ ಬಾಯನ್ನೇ ನೋಡುತ್ತಾನೆ. ನೋಡುತ್ತಲೇ ಇರುತ್ತಾನೆ. ಆಮೇಲೆ, "ಆಂ?"

ಅಮ್ಮ ಹೋದ ಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದ. ಎರಡು ಬೀದಿ ಆಚೆ ಅವನದೊಂದು ಪುಟ್ಟ ಅಂಗಡಿ. ಮನೆಗೆ ಯಾರೇ ಬರಲಿ, ನನ್ನ ಗಂಡ ಆ ಕಂತು ಹಾಕಿ, "ಮಾವ, ಬನ್ನಿ, ನಿಮ್ಮ ಪಿಕ್ಚರ್ರು" ಎಂದು ಕರೆಯುತ್ತಿದ್ದ. ಅಪ್ಪ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಎಲ್ಲರೂ ಸೇರಿ ಏಟು ಎಣಿಸುತ್ತಿದ್ದೆವು.

ನನಗೆ ತಿಳಿದಾಗಿನಿಂದ ಅಪ್ಪನಿಗೆ ಎಡಗಿವಿ ಮಂದ. ಬಲಗಿವಿಯೂ ಕೈಕೊಡತೊಡಗಿದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಬಲಗಿವಿ ನೋಡಿ, ಎಡಗಿವಿಯನ್ನೇ ಬಹಳ ಹೊತ್ತು ನೋಡಿದರು.

"ಇದು ಹೋಗಿ ತುಂಬಾ ವರ್ಷ ಆಗಿದೆ. ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ. ಯಾರಾದ್ರೂ ಜೋರಾಗಿ ಹೊಡೆದಿದ್ರಾ?"

"ಇಲ್ಲ ಡಾಕ್ಟ್ರೇ. ನಮ್ಮಪ್ಪ ಯಾರ ತಂಟೆಗೂ ಹೋದವನಲ್ಲ" ಎಂದೆ.

ಆ ವಾರದ ಭಾನುವಾರ ಗಂಡನ ಮ್ಯಾನೇಜರ್ ಹೆಂಡತಿಯ ಜೊತೆ ಚಹಾಕ್ಕೆ ಬಂದರು. ಗಂಡನ ಬಡ್ತಿ ಅವರ ಕೈಯಲ್ಲಿತ್ತು. ಟೀವಿ ಹಾಕಿದ್ದಾಯಿತು. ಮೂವತ್ತು ಸಲ ನೋಡಿದ್ದೆನೇನೋ, ಆ ದಿನ ಮೊದಲ ಸಲ ಕಣ್ಣಿಗೆ ಬಿತ್ತು. ಐದು ಏಟಿಗೂ ಅಪ್ಪನ ಕೈ ಹೋಗುವುದು ಕೆನ್ನೆಗೆ. ಆರನೆಯದಕ್ಕೆ ಹೋದದ್ದು ಕಿವಿಗೆ. ಕಪ್ತಾನ ಕೇಳಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ.

ಮ್ಯಾನೇಜರ್ ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದರು. "ಎಲ್ಲಿ, ನಮ್ಮೆದುರಿಗೆ ಒಂದ್ಸಲ ಹೇಳಿ ನೋಡೋಣ."

ಅಪ್ಪ ಅವರ ಬಾಯನ್ನೇ ನೋಡಿದ. "ಆಂ?"

ಮ್ಯಾನೇಜರ ಹೆಂಡತಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಎಲ್ಲರೂ ನಗುವುದನ್ನು ಕಂಡು ಅಪ್ಪನೂ ನಕ್ಕ. ನಾನೂ ನಕ್ಕೆ.

ಅವರು ಹೋದ ಮೇಲೆ ಅಪ್ಪ ಅಡುಗೆಮನೆಯಲ್ಲಿ ಚಹಾದ ಕಪ್ಪು ಒರೆಸುತ್ತಿದ್ದಾಗ ಬಲಗಿವಿಯ ಹತ್ತಿರ ಬಾಗಿ, ಆರನೆಯ ಏಟಿಗೆ ಏನಾಯಿತೆಂದು ಕೇಳಿದೆ.

"ಟಪ್ ಅಂತು" ಎಂದ. "ಆಮೇಲೆ ಬರೀ ಗುಂಯ್."

"ಅಲ್ಲೇ ಯಾಕೆ ಹೇಳ್ಲಿಲ್ಲ?"

"ಇನ್ನೂ ಮೂರು ಬಾಕಿ ಇತ್ತಲ್ಲ ಮಗಾ. ಸುಮ್ನಿದ್ರೆ ಮುಂದೆ ಇನ್ನೊಂದು ಪಾರ್ಟು ಕೊಡ್ತಾರೆ ಅಂದ್ಕೊಂಡೆ." ಕಪ್ಪನ್ನು ಬೋರಲು ಹಾಕಿದ. "ಕೊಡ್ಲಿಲ್ಲ. ನಿಮ್ಮಮ್ಮಂಗೂ ಹೇಳಿಲ್ಲ ಇದನ್ನ. ನೀನೂ ಯಾರಿಗೂ ಹೇಳ್ಬೇಡ."

ಮರುದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡನಿಗೆ ಹೇಳಿದೆ. ಇನ್ನು ಆ ಕಂತು ಹಾಕುವುದಿಲ್ಲ ಎಂದಾನು ಅಂದುಕೊಂಡಿದ್ದೆ. ಅವನು ರೇಜರ್ ಕೆಳಗಿಳಿಸಿ, "ಛೆ, ಇದು ನಿನ್ನೇನೇ ಗೊತ್ತಿದ್ದಿದ್ರೆ ಮ್ಯಾನೇಜರ್ಗೂ ತೋರಿಸ್ಬಹುದಿತ್ತು" ಎಂದ.

ಎರಡು ವಾರದ ನಂತರ ಅವನ ಅಕ್ಕ, ಭಾವ ಬಂದರು. ಅಷ್ಟರಲ್ಲಿ ಅಪ್ಪನ ಬಲಗಿವಿಗೆ ಯಂತ್ರ ಕೂರಿಸಿದ್ದರು. ಆದರೂ ಅಪ್ಪನ ಮುಂದೆ ಗೋಡೆಯ ಮುಂದೆ ಮಾತಾಡಿದಂತೆ ಮಾತಾಡುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಗಂಡ ಆರನೆಯ ಏಟಿನ ಹತ್ತಿರ ಟೀವಿ ನಿಲ್ಲಿಸಿದ.

"ನೋಡಿ, ಮಾವನ ಕಿವಿ ಹೋಗಿದ್ದು ಇಲ್ಲೇ. ಆ 'ಆಂ' ನಟನೆ ಅಲ್ಲ, ಅಸಲಿ."

ಹಿಂದಕ್ಕೆ ಎಳೆದು ಮೂರು ಸಲ ತೋರಿಸಿದ. ಮೂರನೆಯ ಸಲ ಭಾವ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಮನೆಯೆಲ್ಲ ನಗು. ನನ್ನ ನಗು ಎಲ್ಲರಿಗಿಂತ ಮೇಲಿತ್ತು ಎಂದು ಆಮೇಲೆ ಗಂಡನೇ ಹೇಳಿದ.

ಅಪ್ಪ ಎದ್ದ. ನನ್ನ ಕಡೆ ಒಮ್ಮೆ ನೋಡಿ, "ಸೌಂಡ್ ಒಂಚೂರು ಕಮ್ಮಿ ಮಾಡಿ" ಎಂದು ಅಳಿಯನಿಗೆ ಹೇಳಿ ಒಳಗೆ ಹೋದ. ಸಂಜೆ ನೋಡಿದರೆ ಅವನ ಬಟ್ಟೆಯೂ ಇಲ್ಲ, ಚೀಲವೂ ಇಲ್ಲ.

ಅಂಗಡಿಗೆ ಓಡಿದೆ. ಪ್ಯಾಂಟೊಂದರ ಕಾಲು ಮಡಚಿ ಹೊಲಿಯುತ್ತಿದ್ದ. "ಅಪ್ಪಾ, ಮನೆಗೆ ಬಾ" ಎಂದೆ. ಅವನು ಕಿವಿಯ ಯಂತ್ರ ತೆಗೆದು ಗುಂಡಿಗಳ ಡಬ್ಬಿಯ ಪಕ್ಕ ಇಟ್ಟು ಮಷಿನ್ ತುಳಿಯತೊಡಗಿದ. ಗಂಟಲು ಒಣಗುವವರೆಗೆ ಮಾತಾಡಿದೆ. ಅವನು ತಲೆಯೆತ್ತಲಿಲ್ಲ.

ಈಗಲೂ ಮನೆಗೆ ಬಂದವರು ಅಪ್ಪ ಎಲ್ಲಿ ಎಂದು ಕೇಳುತ್ತಾರೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಗಂಡ ಟೀವಿ ಹಾಕುತ್ತಾನೆ. ಮೊದಮೊದಲು ಆರನೆಯ ಏಟು ಬರುವ ಹೊತ್ತಿಗೆ ಚಹಾ ತರುವ ನೆವದಲ್ಲಿ ಎದ್ದು ಹೋಗುತ್ತಿದ್ದೆ. ಈಗ ಚಹಾ ಮೊದಲೇ ತಂದಿಟ್ಟು ಕೂರುತ್ತೇನೆ.