ಆರು ಖಾನೆಯ ನೀರು

ನನ್ನ ಗಂಡ ಡ್ವೇನ್‌ಗೆ ಇದ್ದದ್ದು ಬಿಯರಿನ ಹುಚ್ಚಲ್ಲ, ನೀರಿನ ಹುಚ್ಚು. ವಿಸ್ಕಾನ್ಸಿನ್ನಿನ ಈ ಮರಳುನೆಲದಲ್ಲಿ ಸುತ್ತ ಆಲೂಗಡ್ಡೆ ಹೊಲ, ನಡುವೆ ನಮ್ಮ ಮನೆ, ಹಿತ್ತಿಲಲ್ಲಿ ನಮ್ಮದೇ ಕೊಳವೆಬಾವಿ. ಗ್ಯಾರೇಜಿನಲ್ಲಿ ಕೊಳಗ ಇಟ್ಟು ಬಿಯರ್ ಕಾಯಿಸೋ ಗಂಡಸರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರೆಲ್ಲ ಮಾಡಿ ಕುಡಿದು ಮಲಗೋರು. ನನ್ನವನು ಮಾತ್ರ ಕೆಲಸದಿಂದ ನಿವೃತ್ತನಾದ ಮೇಲೆ ಕಂಪ್ಯೂಟರ್ ಮುಂದೆ ಕೂತುಬಿಟ್ಟ. ಮಾಲ್ಟ್ ಅನ್ನೋ ಮೊಳಕೆ ಬಾರ್ಲಿ ಎಷ್ಟು, ಹಾಪ್ಸ್ ಅನ್ನೋ ಕಹಿ ಹೂವು ಎಷ್ಟು, ಎಷ್ಟು ಹೊತ್ತು ಕುದಿಸಬೇಕು ಅಂತ ಲೆಕ್ಕ ಹಾಕಿಕೊಡೋ ಸಾಫ್ಟ್‌ವೇರ್ ಒಂದಿದೆ. ಅದರಲ್ಲಿ ನೀರಿಗೇ ಒಂದು ಪುಟ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್, ಬೈಕಾರ್ಬೊನೇಟ್. ಆರು ಖಾನೆ. ನಿಮ್ಮ ಬಾವಿನೀರಿನ ಅಂಕಿ ತುಂಬಿದರೆ, ಯಾವ ಊರಿನ ಬಿಯರ್ ಬೇಕೋ ಆ ಊರಿನ ನೀರು ಮಾಡೋಕೆ ಎಷ್ಟು ಜಿಪ್ಸಂ, ಎಷ್ಟು ಉಪ್ಪು ಅಂತ ಅದೇ ಹೇಳುತ್ತೆ.

ಡ್ವೇನ್ ನಮ್ಮ ನೀರನ್ನು ಲ್ಯಾಬಿಗೆ ಕಳಿಸಿದ. ಅವರು ಏಳು ಅಂಕಿ ಕೊಟ್ಟರು. ಏಳನೆಯದು ನೈಟ್ರೇಟ್, ಹೊಲಕ್ಕೆ ಸುರಿದ ಗೊಬ್ಬರ ಮರಳಲ್ಲಿ ಇಳಿದು ಬಾವಿ ಸೇರೋ ವಿಷ. ಬಿಯರಿನ ರುಚಿಗೆ ಅದರಿಂದ ಆಗೋದೂ ಇಲ್ಲ, ಹೋಗೋದೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ನನ್ನ ಮಹಾಪಂಡಿತ ಆರು ತುಂಬಿ ಏಳನೆಯದನ್ನು ಬಿಟ್ಟ. ನಮ್ಮ ಎಲ್ಸಿಯ ಪ್ರಾಣ ಇದ್ದದ್ದು ಆ ಏಳನೆಯದರಲ್ಲೇ. ಮೊದಲೇ ಹೇಳಿಬಿಡ್ತೀನಿ, ಕೇಳೋರನ್ನ ಸತಾಯಿಸೋ ಬುದ್ಧಿ ನನಗಿಲ್ಲ.

ಎಲ್ಸಿ ನಮ್ಮ ಮೊಮ್ಮಗಳು, ಎರಡು ತಿಂಗಳ ಕೂಸು. ಅಳಿಯ ನಾರ್ತ್ ಡಕೋಟಾದ ಎಣ್ಣೆಬಾವಿಗಳಲ್ಲಿ ದುಡಿಯೋಕೆ ಹೋದ ಮೇಲೆ ಮಗಳು ಬ್ರಿಟಾ ಕೂಸನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದಳು. ಎದೆಹಾಲು ನಿಂತುಹೋಗಿ ಪುಡಿಹಾಲು ಶುರುವಾಗಿತ್ತು. ಕೂಸಿನ ಹೊಟ್ಟೆ ಕೆಡಬಾರದು ಅಂತ ಅವಳು ನೀರನ್ನು ಕುದಿಸಿದ್ದೇ ಕುದಿಸಿದ್ದು. ಕುದಿಸಿದರೆ ಕ್ರಿಮಿ ಸಾಯುತ್ತೆ, ಈ ವಿಷ ಸಾಯಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಪಾಪ, ಅವಳಿಗೇನು ಗೊತ್ತು!

ಗ್ಯಾರೇಜಿನಲ್ಲಿ ಡ್ವೇನ್‌ದು ಬೇರೆಯೇ ನೀರು. ನಮ್ಮ ಬಾವಿನೀರು ತೀರಾ ಗಡಸು, ಪಿಲ್ಸ್ನರ್ ಬಿಯರಿಗೆ ಆಗಿಬರಲ್ಲ ಅಂತ ಸಾಫ್ಟ್‌ವೇರ್ ಹೇಳಿತಂತೆ. ಅದಕ್ಕೇ ದುಬಾರಿ ಫಿಲ್ಟರ್ ಹಾಕಿಸಿದ್ದ. ಅದು ಎಲ್ಲವನ್ನೂ ಸೋಸಿ ತೆಗೆದು, ಬರೀ ನೀರನ್ನು ತೊಟ್ಟುತೊಟ್ಟಾಗಿ ಡ್ರಮ್ಮಿಗೆ ಬಿಡುತ್ತಿತ್ತು. ಅದಕ್ಕೆ ಬೇಕಾದ ಉಪ್ಪನ್ನೆಲ್ಲ ಇವನು ತೂಗಿ ಬೆರೆಸೋನು. ಊರಿನ ಬಿಯರ್ ಮಾಡೋರ ಕ್ಲಬ್ಬಿನ ಸ್ಪರ್ಧೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಬ್ರಿಟಾ ಕೆಟಲ್ ಹಿಡಿದು ಬಂದು ಆ ಡ್ರಮ್ಮಿನ ನಲ್ಲಿ ತಿರುಗಿಸಿದಳು.

"ಏಯ್, ಏಯ್! ಮುಟ್ಟಬೇಡ್ವೇ ಅದನ್ನ!" ಅಂತ ಡ್ವೇನ್ ಓಡಿಬಂದ.

"ಅಡುಗೆಮನೆ ನೀರಲ್ಲಿ ಕೆಟಲ್ ತುಂಬಾ ಬಿಳೀ ಪೊರೆ ಕಟ್ಟುತ್ತೆ ಅಪ್ಪಾ. ಇದು ಚೊಕ್ಕಟ ಅಲ್ವಾ?"

"ಚೊಕ್ಕಟವಂತೆ ಚೊಕ್ಕಟ! ಸತ್ತ ನೀರು ಕಣೇ ಅದು, ಅದರಲ್ಲಿ ಏನೂ ಇಲ್ಲ. ಕೂಸಿನ ಮೂಳೆ ಬೆಳೀಬೇಕೋ ಬೇಡ್ವೋ? ಕ್ಯಾಲ್ಸಿಯಂ ಇರೋದು ಬಾವಿನೀರಲ್ಲೇ. ಅದನ್ನೇ ಕೊಡು."

"ಬಿಯರಿಗೆ ಕಮ್ಮಿ ಬೀಳುತ್ತೆ ಅಂತ ನೆಟ್ಟಗೆ ಹೇಳಬಾರದಾ?" ಅಂದೆ ನಾನು.

"ಅದೂ ಹೌದು ಮಾರ್ಲಿಸ್," ಅಂತ ನಕ್ಕ. "ಡ್ರಮ್ ತುಂಬೋಕೆ ಒಂದಿಡೀ ದಿನ ಬೇಕು. ಹಾಗಂತ ನಾನು ಹೇಳಿದ್ದು ಸುಳ್ಳಲ್ಲ. ಈ ಮನೇಲಿ ನೀರಿನ ವಿಷಯ ನನಗಿಂತ ಯಾರಿಗೆ ಗೊತ್ತು?"

"ಆಯ್ತು ಪ್ರೊಫೆಸರ್ರೇ," ಅಂತ ಬ್ರಿಟಾ ಕೆಟಲ್ಲಿನಲ್ಲಿದ್ದಷ್ಟನ್ನು ಡ್ರಮ್ಮಿಗೇ ವಾಪಸ್ ಸುರಿದು ಒಳಗೆ ಹೋದಳು.

ಆಮೇಲೆ ಎಲ್ಸಿಯ ತುಟಿ ಬೂದಿಬಣ್ಣಕ್ಕೆ ತಿರುಗಿತು. ಚಳಿಗಿರಬೇಕು ಅಂದುಕೊಂಡು ಇನ್ನೊಂದು ಕಂಬಳಿ ಹೊದಿಸಿದಳು ಬ್ರಿಟಾ. ಅಳೋದು ಕಮ್ಮಿಯಾಯ್ತು, ಹಾಲು ಕುಡಿಯುತ್ತಲೇ ನಿದ್ದೆ ಹೋಗೋದು. ಒಳ್ಳೇ ಕೂಸು, ತಾಯಿಗೆ ಕಾಟ ಕೊಡಲ್ಲ ಅಂತ ನೆರೆಯವರು ಹೊಗಳಿದರು. ಒಂದು ಮಧ್ಯಾಹ್ನ ಬಟ್ಟೆ ಬದಲಿಸುವಾಗ ಉಗುರುಗಳೆಲ್ಲ ನೀಲಿ! ಉಟ್ಟ ಬಟ್ಟೆಯಲ್ಲೇ ಕಾರು ಹತ್ತಿ ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಚುರುಕಿನವಳು. ಆಮ್ಲಜನಕ ಹಾಕಿದರೂ ಬಣ್ಣ ತಿರುಗಲಿಲ್ಲ. ಅವಳು ತಿರುಗಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದದ್ದು.

"ಮನೇಲಿ ಬಾವಿನೀರಾ? ಪರೀಕ್ಷೆ ಮಾಡಿಸಿದ್ದೀರಾ?"

ಬ್ರಿಟಾ ಬಾಯಿ ತೆರೆಯೋ ಮೊದಲೇ ಡ್ವೇನ್ ಮುಂದೆ ಬಂದ. "ಮಾಡಿಸದೇ ಇರ್ತೀನಾ ಡಾಕ್ಟ್ರೇ? ಲ್ಯಾಬಿಗೇ ಕಳಿಸಿದ್ದೆ. ನಮ್ಮ ನೀರಿನ ಹನಿಹನಿ ನನಗೆ ಬಾಯಿಪಾಠ. ನೀರಿನ ಯೋಚನೆ ಬಿಡಿ, ಕೂಸಿನ ಎದೆ ನೋಡಿ."

ಸುಳ್ಳು ಹೇಳಲಿಲ್ಲ ಅವನು. ನಿಜವಾಗಿ ಹಾಗೇ ನಂಬಿದ್ದ. ಪರೀಕ್ಷೆ ಅಂದರೆ ಅವನಿಗೆ ಆರು ಖಾನೆ, ಆರೂ ತುಂಬಿದ್ದ. ಅಷ್ಟು ಗಟ್ಟಿಯಾಗಿ ಹೇಳೋ ಗಂಡಸಿನ ಮಾತನ್ನು ಆ ಹುಡುಗಿಯೂ ನಂಬಿಬಿಟ್ಟಳು. ಹೃದಯದಲ್ಲಿ ತೂತಿರಬೇಕು ಅಂತ ಯಂತ್ರ ತಂದರು, ದೊಡ್ಡ ಊರಿನ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ಎದೆಯಲ್ಲಿ ಏನೂ ಸಿಗಲಿಲ್ಲ. ಅಷ್ಟು ಹೊತ್ತೂ ಎಲ್ಸಿ ಸ್ಲೇಟಿನ ಬಣ್ಣಕ್ಕೆ ತಿರುಗುತ್ತಾ ಮಲಗಿದ್ದಳು. ಉಸಿರು ಸೋತಾಗ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಸೇರಿಸಿದರು.

ಆಮೇಲೆ ನರ್ಸ್ ಇನ್ನೊಮ್ಮೆ ರಕ್ತ ತೆಗೆದಳು. ಚಾಕೊಲೇಟಿನ ಹಾಗೆ ಕಂದು ರಕ್ತ. ನೈಟ್ರೇಟ್ ಹೊಕ್ಕರೆ ಕೂಸಿನ ರಕ್ತ ಹೀಗಾಗುತ್ತೆ, ಆಮ್ಲಜನಕ ಹೊರಲ್ಲ ಅಂತ ಆಮೇಲೆ ತಿಳಿಯಿತು. ಅದನ್ನು ಕಂಡದ್ದೇ ಡಾಕ್ಟರ್ ಡ್ವೇನ್ ಕಡೆ ತಿರುಗಿದಳು.

"ಲ್ಯಾಬಿನವರು ನೈಟ್ರೇಟ್ ಎಷ್ಟು ಅಂದಿದ್ರು?"

ಡ್ವೇನ್‌ಗೆ ಅಂಕಿ ಮರೆಯೋ ಅಭ್ಯಾಸ ಇಲ್ಲ. "ಮೂವತ್ತೊಂದು," ಅಂದ.

"ಹತ್ತು ದಾಟಿದ ನೀರನ್ನ ಕೂಸಿಗೆ ಕೊಡಲೇಬಾರದು! ನೀವು ನೋಡಲಿಲ್ವಾ?"

"ನೋಡಿದೆ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಖಾನೆ ಇರಲಿಲ್ಲ."

ಹುಡುಗಿ ಅವನ ಕಡೆ ಒಮ್ಮೆ ನೋಡಿ ಓಡಿದಳು. ಯಾವುದೋ ನೀಲಿ ಔಷಧ ನರಕ್ಕೆ ಬಿಟ್ಟರು. ಎಲ್ಸಿಯ ತುಟಿ ನಮ್ಮ ಕಣ್ಣೆದುರೇ ಕೆಂಪಾಯಿತು. ಸದ್ಯ, ದೇವರು ದೊಡ್ಡವನು ಅಂತ ನಾನು ಜೋರಾಗಿಯೇ ಅತ್ತೆ. ಮಾರನೇ ದಿನ ಮೆದುಳಿನ ಪರೀಕ್ಷೆ ಮಾಡಿ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡಳು. ರಕ್ತ ಸರಿಹೋಯ್ತು, ಆದರೆ ಮೆದುಳು ತುಂಬಾ ಹೊತ್ತು ಆಮ್ಲಜನಕವಿಲ್ಲದೆ ಇತ್ತು, ಇನ್ನು ಯಂತ್ರ ತೆಗೆದರೆ ತಾನಾಗಿ ಉಸಿರಾಡಲ್ಲ ಅಂತ ಮೆಲ್ಲಗೆ ಬಿಡಿಸಿ ಹೇಳಿದಳು.

ಬ್ರಿಟಾ ಅಳಲಿಲ್ಲ. "ಅಪ್ಪಾ, ನಿನ್ನ ಡ್ರಮ್ಮಿನ ನೀರಲ್ಲಿ ಎಷ್ಟಿತ್ತು?" ಅಂತ ಕೇಳಿದಳು.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರೋರು. ಇವನು ಆ ಹೊತ್ತಿನಲ್ಲೂ ಲೆಕ್ಕ ಹಾಕಿದ! "ಎರಡು. ಹೆಚ್ಚಂದ್ರೆ ಮೂರು."

ಅಳಿಯ ಬರೋ ತನಕ ಕಾಯೋಣ ಅಂದರು. ಹಿಮಪಾತಕ್ಕೆ ಹೆದ್ದಾರಿ ಮುಚ್ಚಿತ್ತು. ಕೊನೆಗೆ ಫೋನಿನಲ್ಲೇ ಅವನ ದನಿ ಕೇಳಿಸಿ ಕೂಸಿನ ಕೊಳವೆಗಳನ್ನು ತೆಗೆದರು. ಬ್ರಿಟಾ ಅವಳನ್ನು ಎದೆಗೊತ್ತಿಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಎದ್ದು ಸೀದಾ ಬಾಗಿಲ ಹತ್ತಿರ ನಿಂತಿದ್ದ ಅಪ್ಪನ ಕಡೆ ನಡೆದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳು ಬಿಡದೆ ಕೂಸನ್ನು ಅವನ ತೋಳಲ್ಲಿಟ್ಟಳು.

"ಖಾನೆ ಇರಲಿಲ್ಲ ಅಂತ ಡಾಕ್ಟರಿಗೆ ಹೇಳಿದ್ಯಲ್ಲ, ಇವಳಿಗೂ ಹೇಳು."

"ಬೇಡ ಕಣೇ... ನಿನ್ನ ಕೈಲೇ ಇರಲಿ. ಕೊನೇ ಗಳಿಗೆ..."

"ಹೇಳು ಅಪ್ಪಾ. ಯಾಕೆ ಹೀಗಾಯ್ತು ಅಂತ ಇವಳಿಗೆ ಯಾರಾದ್ರೂ ಹೇಳ್ಬೇಕಲ್ವಾ?"

ಡ್ವೇನ್ ಬಾಯಿ ತೆರೆದ. ಮಾತಿನ ಮಲ್ಲ, ಕ್ಲಬ್ಬಿನಲ್ಲಿ ಗಂಟೆಗಟ್ಟಲೆ ಪಾಠ ಮಾಡೋನು. "ಕೂಸೇ," ಅಂದ. ಮತ್ತೆ "ಕೂಸೇ," ಅಂದ. ಬ್ರಿಟಾ ಕೈಕಟ್ಟಿಕೊಂಡು ಎದುರಿಗೇ ಕಾದು ನಿಂತಿದ್ದಳು. ಹಾಗೆ ಕಾಯುತ್ತಿರುವಾಗಲೇ ಎಲ್ಸಿಯ ಎದೆ ಏಳೋದು ನಿಂತಿತು. ಅದನ್ನು ಮೊದಲು ಕಂಡವಳು ಬ್ರಿಟಾ. ಕೂಸನ್ನು ಕಿತ್ತುಕೊಂಡು ನೆಲದ ಮೇಲೆ ಕುಸಿದು, ಆಗ ಅತ್ತಳು. ಆ ಅಳು ಯಾವ ತಾಯಿಯೂ ಕೇಳಬಾರದು.

ಡ್ವೇನ್‌ನ ತೋಳು ಇನ್ನೂ ಹಾಗೇ ಮಡಿಚಿತ್ತು. ಅವನು ನನ್ನ ಕಡೆ ನೋಡಿದ. ಇಷ್ಟು ವರ್ಷ ಬಾಳಿದ ಹೆಂಡತಿ ಒಂದು ಮಾತಾದರೂ ಆಡಲಿ ಅಂತ ಆ ಕಣ್ಣು ಬೇಡುತ್ತಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಅವನನ್ನು ದಾಟಿಕೊಂಡು ಹೋಗಿ ಮಗಳ ಪಕ್ಕ ನೆಲದ ಮೇಲೆ ಕೂತೆ.