ಒಂದು ಬಳೆಯ ಬೆಳ್ಳಿ

ಸೋಪಿನ ನೊರೆ ಒಣಗಿ ಬೆರಳ ಮೇಲೆ ಬಿಳಿ ಪೊರೆಯಾಗಿದೆ, ಬೆಳಗಿನಿಂದ ಮೂರು ಸಲ ಹಚ್ಚಿದರಂತೆ, ಎಣ್ಣೆಯನ್ನೂ ಹಚ್ಚಿದರಂತೆ, ನರ್ಸು ದಾರ ಸುತ್ತಿ ಎಳೆದಳಂತೆ, ಉಂಗುರ ಜಗ್ಗಿಲ್ಲ, ಇದು ಅಣ್ಣನ ಬೆರಳೇ ಹೌದೋ ಅಲ್ಲವೋ, ಆಚೆ ಈಚೆ ಮಾಂಸ ಉಬ್ಬಿ ಬೆಳ್ಳಿಯ ಅಂಚೇ ಕಾಣುತ್ತಿಲ್ಲ, ತುದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ — ಕಿಡ್ನಿ ಕೈಕೊಟ್ಟರೆ ಹೀಗೇ, ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ, ಎಂದಳು ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವಳು, ಇವತ್ತೇ ಕತ್ತರಿಸ್ಬೇಕು, ಇಲ್ಲಾಂದ್ರೆ ಬೆರಳೇ ಉಳಿಯಲ್ಲ, ನಮ್ಮ ಹತ್ರಾನೂ ಕಟ್ಟರ್ ಇದೆ, ಆದ್ರೆ ಇವರು ಯಾರನ್ನೂ ಮುಟ್ಟೋಕೇ ಬಿಡ್ತಿಲ್ಲ, ಮಾಡಿದವನೇ ಬಂದು ಕತ್ತರಿಸ್ಲಿ ಅಂತಾರೆ, ನೀವೇನಾ ಮಾಡಿದ್ದು. ನಾನೇ ಎಂದೆ. ಅತ್ತಿಗೆ ಫೋನಿನಲ್ಲಿ ಹೇಳಿದ್ದೂ ಅಷ್ಟೇ, ಹೇರಾಕಾಜಿ ಬಾಬು, ನಿಮ್ಮ ಗರಗಸ ತಗೊಂಡು ಬನ್ನಿ, ನಿಮ್ಮ ದಾಜು ಹಟ ಹಿಡಿದು ಕೂತಿದ್ದಾರೆ. ಚೀಲಕ್ಕೆ ಗರಗಸ ಹಾಕಿಕೊಂಡೆ, ಕೂದಲೆಳೆಯಂಥ ಅಲಗುಗಳು ಒಂದು ಡಜನ್, ಚರ್ಮಕ್ಕೆ ತಾಗದಂತೆ ಕೆಳಗೆ ತೂರಿಸಲು ತಗಡಿನ ಚೂರು, ಪಾಟನ್ನಿನ ನಮ್ಮ ಅಕ್ಕಸಾಲಿಗರ ಗಲ್ಲಿಗಳಲ್ಲಿ ನಡೆದು ಬರುವಾಗ ಪ್ರತಿ ಬಾಗಿಲಲ್ಲೂ ಸುತ್ತಿಗೆಯ ಟಿಕ್ ಟಿಕ್, ಯಾರೋ ಕೇಳಿದರು, ಎಲ್ಲಿಗೆ ಕಾಜಿ ಹತಾರ ಸಮೇತ, ಚೀಲವನ್ನು ಕಂಕುಳಿಗೆ ಒತ್ತಿಕೊಂಡು ನಡೆದೆ.

ಅಣ್ಣ ಕಣ್ಣು ಮುಚ್ಚಿದ್ದಾನೆ, ನಿದ್ದೆಯಲ್ಲ, ಬಳಲಿಕೆ. ಕುತ್ತಿಗೆಯಲ್ಲಿ ಕೊಳವೆ ಇಟ್ಟಿದ್ದಾರೆ. ಮಗ್ಗುಲಿನ ಮಂಚದ ಮುದುಕಿಗೆ ಅತ್ತಿಗೆ ಹೇಳುತ್ತಿದ್ದಾಳೆ, ಇದು ಬರೀ ಉಂಗುರ ಅಲ್ಲ ದಿದಿ, ನಮ್ಮತ್ತೆ ಬಳೆ ಕರಗಿಸಿ ಮಾಡಿದ್ದು, ಎಂಟೂ ಮಂಗಳ ಇದೆ ನೋಡಿ, ಶ್ರೀವತ್ಸ, ಕಮಲ, ಧ್ವಜ, ಕಲಶ, ಚಾಮರ, ಜೋಡಿ ಮೀನು, ಛತ್ರಿ, ಶಂಖ, ಇವರು ಗಡಿ ಕಡೆ ಖಾಸಾ ರಸ್ತೇಲಿ ಲಾರಿ ಓಡಿಸ್ತಿದ್ದಾಗ ಗುಡ್ಡ ಜರಿದು ಹಿಂದಿನ ಲಾರಿ ಮುಂದಿನ ಲಾರಿ ಎರಡೂ ನದಿಗೆ ಹೋದ್ವು, ಇವರದು ನಿಂತಲ್ಲೇ ನಿಂತಿತು, ಒಂದು ಗಾಜೂ ಒಡೀಲಿಲ್ಲ. ಮುದುಕಿ ಎದ್ದು ಬಂದು ಉಂಗುರ ಮುಟ್ಟಿ ಹಣೆಗೆ ಒತ್ತಿಕೊಂಡಳು. ಎಷ್ಟು ಜನ ಹಾಗೆ ಮುಟ್ಟಿದ್ದಾರೆ ಮೂವತ್ತೊಂದು ವರ್ಷದಲ್ಲಿ, ಎಷ್ಟು ಸಲ ನಾನು ಮುಖ ತಿರುಗಿಸಿಕೊಂಡಿದ್ದೇನೆ, ಮನೆಯವರೆಲ್ಲ ತಂತಮ್ಮ ದೇಹವನ್ನೇ ಪೂಜಿಸಿಕೊಳ್ಳುವ ಮ್ಹಪೂಜೆಯ ಸಂಜೆ ಸಾಲಾಗಿ ಕೂತಾಗ ಅವನ ಕೈ ನನ್ನ ಪಕ್ಕದಲ್ಲೇ ಇರುತ್ತಿತ್ತು, ದೀಪದ ಬೆಳಕಿನಲ್ಲಿ ನಾನು ನೋಡುತ್ತಿದ್ದದ್ದು ಮಂಗಳವನ್ನಲ್ಲ, ಎಲ್ಲಾದರೂ ಸವೆದಿದೆಯೋ ಎಂದು, ಒಳಗಿನದು ಇಣುಕುತ್ತಿದೆಯೋ ಎಂದು. ಒಳಗೆ ಹಿತ್ತಾಳೆ. ಈ ಮಾತನ್ನು ಮನಸ್ಸಿನೊಳಗೂ ಪೂರ್ತಿ ಆಡಿಕೊಂಡವನಲ್ಲ ನಾನು. ಹಿತ್ತಾಳೆಯ ಸುತ್ತೊಂದರ ಮೇಲೆ, ಒಳಗೂ ಹೊರಗೂ, ಬೆಳ್ಳಿ ತಗಡು ಹೊದಿಸಿದ ಉಂಗುರ.

ಅಮ್ಮ ಕಾಮಾಲೆಯಲ್ಲಿ ತೀರಿಕೊಂಡ ವರ್ಷ, ಆಗ ನನಗೆ ಹತ್ತೊಂಬತ್ತು, ಅಪ್ಪ ಅವಳ ಎರಡು ಬಳೆ ತಂದು ನನ್ನ ಮುಂದೆ ಇಟ್ಟ, ಸಣ್ಣ ಬಳೆಗಳು, ಅಕ್ಕಿ ಕೇರುವಾಗ ಕಿಣಿ ಕಿಣಿ ಎನ್ನುತ್ತಿದ್ದವು, ಅಪ್ಪ ಹೇಳಿದ, ನಿನ್ನ ದಾಜು ಲಾರಿ ಹತ್ತುತ್ತಾನಂತೆ, ಕೂತು ಕೆಲಸ ಮಾಡೋ ಜಾಯಮಾನ ಅಲ್ಲ ಅವನದು, ಹೋಗ್ಲಿ, ಎರಡನ್ನೂ ಕರಗಿಸಿ ಎಂಟು ಮಂಗಳದ ಉಂಗುರ ಮಾಡಿಕೊಡು, ದಾರೀಲಿ ಅವನಮ್ಮ ಜೊತೇಲಿರ್ತಾಳೆ. ನನಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ನಾನು ಮನೆಯಲ್ಲೇ ಇರುವವನು, ಅಮ್ಮನ ಒಲೆ ನನ್ನದು, ಅಮ್ಮನ ಚಾಪೆ ನನ್ನದು ಎಂದುಕೊಂಡಿರಬೇಕು ಅಪ್ಪ. ಒಂದನ್ನು ಕರಗಿಸಿದೆ, ಇನ್ನೊಂದು ಕೈಯಿಂದ ಬೀಳಲೊಲ್ಲದು, ಮೂಸೆಯ ಬಾಯಿವರೆಗೆ ಒಯ್ದು ಹಿಂದಕ್ಕೆ ತಂದೆ, ಒಯ್ದೆ, ತಂದೆ. ಮುಗಿದ ಉಂಗುರವನ್ನು ಅಪ್ಪ ಅಂಗೈಯಲ್ಲಿಟ್ಟು ಹಗುರ ಆಯ್ತಲ್ಲ ಎಂದ, ಒಳಗೆ ಟೊಳ್ಳು ಬಿಟ್ಟಿದ್ದೀನಿ, ಸ್ಟಿಯರಿಂಗ್ ಹಿಡಿಯೋ ಕೈಗೆ ಭಾರ ಆಗ್ಬಾರ್ದು ಅಂತ, ಎಂದೆ, ಎಷ್ಟು ಸಲೀಸಾಗಿ ಬಂತು ಸುಳ್ಳು. ಕದ್ದು ಉಳಿಸಿಕೊಂಡದ್ದನ್ನು ಹತಾರದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟೆ, ಯಾರೂ ಇಲ್ಲದಾಗ ತೆಗೆದು ಕೈಯಲ್ಲಿ ಅಲ್ಲಾಡಿಸಿದರೆ ಏನೂ ಕೇಳಿಸಲಿಲ್ಲ — ಒಂದೇ ಬಳೆ ಸದ್ದು ಮಾಡುವುದಿಲ್ಲ ಎಂಬುದು ನನಗೆ ಆಗ ಹೊಳೆದದ್ದು. ಹಿಂದಕ್ಕೆ ಕೊಡಬಹುದಿತ್ತು, ಪ್ರತಿ ವರ್ಷ ಕೊಡಬಹುದಿತ್ತು, ಮುಂದಿನ ಹಬ್ಬಕ್ಕೆ, ಅದರ ಮುಂದಿನದಕ್ಕೆ, ಅಷ್ಟರಲ್ಲಿ ಭೂಕಂಪ ಬಂತು, ಮನೆಯ ಹಿಂದಿನ ಗೋಡೆ ಕುಸಿಯಿತು, ಹತ್ತು ದಿನ ಇಟ್ಟಿಗೆ ಸರಿಸಿದೆ, ಸುತ್ತಿಗೆ ಸಿಕ್ಕಿತು, ತಿದಿ ಸಿಕ್ಕಿತು, ಪೆಟ್ಟಿಗೆ ಸಿಗಲಿಲ್ಲ, ಅಣ್ಣನೂ ನನ್ನ ಜೊತೆ ಮಣ್ಣು ಹೊತ್ತ, ಏನೋ ಹುಡುಕ್ತಿದ್ದೀಯಾ ಇಷ್ಟೊಂದು ಎಂದ, ಅರ, ಒಂದು ಹಳೇ ಅರ, ಎಂದೆ.

ಶುರು ಮಾಡಿ, ಎಂದಳು ಡಾಕ್ಟರಮ್ಮ, ನೋವಾಗದ ಹಾಗೆ ಸೂಜಿ ಕೊಟ್ಟಿದ್ದೀನಿ. ತಗಡನ್ನು ತೂರಿಸಿದೆ, ಅಣ್ಣನ ಕಾಲ್ಬೆರಳು ಮಡಚಿಕೊಂಡವು, ಎಲ್ಲಿ ಕತ್ತರಿಸಲಿ, ಮೀನಿನ ಮೇಲೆ ಬೇಡ, ಕಲಶದ ಮೇಲೆ ಬೇಡ, ಧ್ವಜದ ಪಕ್ಕ ಒಂದು ಅಕ್ಕಿಕಾಳಿನಷ್ಟು ಜಾಗ, ಅಲ್ಲಿ ಅಲಗನ್ನು ಇಟ್ಟೆ, ಕೈಗೆ ಕೆಲಸವಷ್ಟೇ ಗೊತ್ತು. ಬೆಳ್ಳಿಯ ಪುಡಿ ಬಿಳಿ, ಬಿಳಿ, ಬಿಳಿ, ಆಮೇಲೆ ಗರಗಸದ ದನಿ ಬದಲಾಯಿತು, ಹಿತ್ತಾಳೆ ಗಡುಸು, ಹಲ್ಲಿಗೆ ಸಿಕ್ಕಿ ಕಿರ್ ಎಂದಿತು, ಆ ದನಿ ಅಣ್ಣನ ಕಿವಿಗೂ ಬಿದ್ದಿರಬೇಕು, ಹಾಸಿಗೆಯ ಬಿಳಿ ಬಟ್ಟೆಯ ಮೇಲೆ ಹಳದಿ ಪುಡಿ ಉದುರಿತು, ಬೆನ್ನನ್ನು ಅಡ್ಡ ಮಾಡಿ ನಿಂತೆ, ಉಸಿರಿನಿಂದ ಊದಿಬಿಟ್ಟೆ, ಮತ್ತೆ ಉದುರಿತು, ಎಷ್ಟೆಂದು ಊದಲಿ. ಕೊನೆಯ ಎಳೆ ಟಕ್ಕೆಂದಿತು. ಇಕ್ಕುಳದಿಂದ ಬಾಯಿ ಅಗಲಿಸಿ ತೆಗೆದೆ, ಜೇಬಿಗೆ ಹಾಕಿಕೊಳ್ಳೋಣವೆಂದರೆ ಅತ್ತಿಗೆ ಅಂಗೈ ಒಡ್ಡಿ ನಿಂತಿದ್ದಾಳೆ, ಸೆರಗಿನಲ್ಲಿ ಒರೆಸಿ ಕಿಟಕಿಯ ಬಿಸಿಲಿಗೆ ಹಿಡಿದಳು, ಕತ್ತರಿಸಿದ ತುದಿ ಹೊಳೆಯಿತು, ಹೊಸದಾಗಿ ಕೊರೆದ ಹಿತ್ತಾಳೆ ಅಷ್ಟು ಹೊಳೆಯಬಾರದಿತ್ತು. ಬಾಬು, ಎಂದಳು, ಇದೇನಿದು ಒಳಗೆ ಹಳದಿ. ನಾನು ಬಾಯಿ ತೆರೆದೆ. ಚಿನ್ನಾನಾ, ಎಂದಳು ಅತ್ತಿಗೆ, ಒಳಗೆ ಚಿನ್ನ ಇಟ್ಟಿದ್ರಾ ನೀವು, ಯಾರಿಗೂ ಹೇಳದೆ. ಅವಳ ಕಣ್ಣು ತುಂಬಿಬಿಟ್ಟಿತು, ಅಲ್ಲ ಭೌಜು ಎನ್ನಬೇಕು, ಎರಡೇ ಮಾತು, ಅಷ್ಟರಲ್ಲಿ ಅವಳು ಅಣ್ಣನ ಮುಖದ ಹತ್ತಿರ ಬಾಗಿದಳು, ರೀ, ಕಣ್ಣು ಬಿಡಿ, ನಿಮ್ಮ ತಮ್ಮ ಏನು ಮಾಡಿದ್ದಾರೆ ನೋಡಿ.

ಅಣ್ಣ ಕಣ್ಣು ತೆರೆದ. ಲಾರಿ ಹತ್ತುವ ಮೊದಲು ಆರು ವರ್ಷ ಅಪ್ಪನ ಪಕ್ಕ ಕೂತವನು, ಉಜ್ಜಿದ ವಾಸನೆಯಿಂದಲೇ ಲೋಹ ಹೇಳುತ್ತಿದ್ದವನು, ಗಿರಾಕಿಗಳು ಮೋಸ ಹೋದ ಒಡವೆಗಳನ್ನು ಒಂದೇ ನೋಟಕ್ಕೆ ಪಕ್ಕಕ್ಕಿಡುತ್ತಿದ್ದ ನನ್ನಣ್ಣ ಜೋಗರತ್ನ. ಆ ತುದಿಯನ್ನು ನೋಡಿದ, ತುಂಬ ಹೊತ್ತು ನೋಡಿದ, ಆಮೇಲೆ ನನ್ನನ್ನು. ಕೋಪವಿದ್ದಿದ್ದರೆ ನಾನು ಅಲ್ಲೇ ಅವನ ಕಾಲು ಹಿಡಿಯುತ್ತಿದ್ದೆ, ಕೋಪವಿರಲಿಲ್ಲ. ಚಿನ್ನಾನೇ ಕಣೇ, ಎಂದ, ಇವನು ಚಿಕ್ಕೋನಿದ್ದಾಗಿಂದ್ಲೂ ಹಾಗೇ, ಕೊಡೋದನ್ನ ಹೇಳಿ ಕೊಡೋನಲ್ಲ. ಅತ್ತಿಗೆ ಮುದುಕಿಯ ಮಂಚಕ್ಕೆ ಹೋದಳು, ಅಲ್ಲಿಂದ ಮುಂದಿನ ಮಂಚಕ್ಕೆ, ನೋಡಿ ದಿದಿ, ಇಂಥ ತಮ್ಮ ಯಾರಿಗಿದ್ದಾನೆ, ಎನ್ನುತ್ತಾ, ಸಂಜೆಯೊಳಗೆ ನಮ್ಮ ಕೇರಿಗೆಲ್ಲ ತಿಳಿಯುತ್ತದೆ, ನಾಳೆ ನಾನು ಬಾಗಿಲು ತೆರೆದರೆ ಜನ ಕೈ ಮುಗಿಯುತ್ತಾರೆ. ಯಾವಾಗಿನಿಂದ ಗೊತ್ತು ಇವನಿಗೆ. ದಾಜು, ಎಂದೆ, ಅದು, ಆ ದಿನ ನಾನು — ಕಾಜಿ, ಎಂದ, ಒಂದು ಗುಟುಕು ನೀರು ಕೊಡ್ತೀಯಾ. ಮಂಚದ ತಲೆಗೆ ತೂಗುಹಾಕಿದ ಚೀಟಿ ನೋಡಿದೆ, ಇವತ್ತಿನ ನೀರು ಮುಗಿದಿದೆ, ಡಾಕ್ಟರಮ್ಮನ ಮುಖ ನೋಡಿದೆ, ಅವಳು ಬೇಡವೆಂದು ತಲೆಯಾಡಿಸಿದಳು, ಬೆರಳು ಉಳೀತು, ಮಿಕ್ಕಿದ್ದು ನಮ್ಮ ಕೈಲಿಲ್ಲ, ಎಂದು ಹೊರಗೆ ಕರೆದು ಮೆಲ್ಲಗೆ ಹೇಳಿದಳು. ಹತ್ತಿಯನ್ನು ಒದ್ದೆ ಮಾಡಿ ಅವನ ತುಟಿಗೆ ಒತ್ತಿದೆ, ಅಷ್ಟೇ ನನ್ನಿಂದ ಆದದ್ದು. ಮತ್ತೆ ಕಣ್ಣು ಮುಚ್ಚಿದ. ಹಾಸಿಗೆಯ ಬಟ್ಟೆಯ ಮೇಲೆ ಕೈ ಬಿದ್ದಿದೆ, ಉಂಗುರ ಹೋದ ಕಡೆ ಒಂದು ತಗ್ಗು, ಸುತ್ತ ಊದಿದ ಕಪ್ಪು ಬೆರಳು, ನಡುವೆ ಬಿಸಿಲು ಕಾಣದ ಬಿಳಿ ತಗ್ಗು, ಈಗ ತುಂಬಿಕೊಳ್ಳುತ್ತದೆ, ರಕ್ತ ಬರುತ್ತದೆ, ತುಂಬಿಕೊಳ್ಳುತ್ತದೆ ಎಂದು ನೋಡುತ್ತಿದ್ದೇನೆ, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದೆ, ತಗ್ಗು ಹಾಗೇ ಇದೆ, ಬಿಳಿ ತಗ್ಗು, ತುಂಬುತ್ತಿಲ್ಲ, ಆ ಬಿಳಿ ತಗ್ಗು —