ನಿಂತವಳ ಸೀರೆ

ಚಳ್ಳಕೆರೆ ಸಂತೆಯಿಂದ ಮಗ ಚೌಡೇಶ ಗಾಜಿನ ಕಟ್ಟು ಹಾಕಿಸಿದ ಲಕ್ಷ್ಮಿಯ ಪಟ ತಂದ ದಿನವೇ ತನ್ನ ಮನೆಗೆ ಸೊಸೆ ಬರುವ ಬಾಗಿಲು ಮುಚ್ಚಿತು ಎಂದು ಓಬಕ್ಕ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಬಣ್ಣದ ಅಚ್ಚಿನ ಪಟಗಳು ಆ ಸೀಮೆಗೆ ಆಗಷ್ಟೇ ಬಂದಿದ್ದವು. ತಾವರೆಯ ಮೇಲೆ ನಿಂತ ದೇವಿ, ಬೆಣ್ಣೆಯಂಥ ಕೈ, ಗುಲಾಬಿ ಸೀರೆ. ಮಗ ಅದನ್ನು ಮಗ್ಗದ ಎದುರಿನ ಗೋಡೆಗೇ ತೂಗುಹಾಕಿದ. ಲಾಳಿ ಆ ಕಡೆ ಈ ಕಡೆ ಓಡಿದರೂ ಅವನ ಕಣ್ಣು ಮಾತ್ರ ಪಟ ಬಿಟ್ಟು ಕದಲುತ್ತಿರಲಿಲ್ಲ.

ಆಮೇಲೆ ನೋಡಿದ ಹೆಣ್ಣುಗಳಲ್ಲಿ ಒಬ್ಬಳ ಮೂಗು ಮೊಂಡು, ಇನ್ನೊಬ್ಬಳ ಹಣೆ ಅಗಲ, ನನ್ನಿವಾಳದ ಹುಡುಗಿ ನಕ್ಕರೆ ಒಸಡು ಕಾಣುತ್ತದೆ ಎಂದು ಅವನು ಎಲ್ಲರನ್ನೂ ಬೇಡವೆಂದ.

"ಲೇ, ಪಟದಾಕೆ ನಕ್ಕಿದ್ದು ಯಾವಾಗ ನೋಡ್ದೆ ನೀನು?"

"ನಗೋದ್ಯಾಕವ್ವ? ಆ ಮುಖ ನೋಡಿದ್ರೇ ಮನಸಿಗೆ ತಂಪಾಗ್ತೈತೆ."

"ಆಗ್ದೇ ಏನು? ಆ ಯಮ್ಮಂಗೆ ಒಲೆ ಊದೋದೈತಾ, ಮುದ್ದೆ ತಿರುವೋದೈತಾ?"

ಬಾಯಲ್ಲಿ ಹೀಗೆಂದರೂ ಪಟದೆದುರು ಹಾಯುವಾಗ ಓಬಕ್ಕನೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮೊದಲೆಲ್ಲ ದೇವರೆಂದರೆ ಮೂಲೆಯಲ್ಲಿ ಅರಿಸಿನ ಮೆತ್ತಿದ ಕಲ್ಲು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಅತ್ತರೂ ಕೇಳುತ್ತಿತ್ತು, ಬೈದರೂ ಕೇಳುತ್ತಿತ್ತು. ಇಷ್ಟು ಒಡವೆ ಹೇರಿಕೊಂಡು ಸಾಹುಕಾರರ ಮನೆಯವಳಂತೆ ನಿಂತವಳ ಹತ್ತಿರ ಸೊಂಟನೋವಿನ ಮಾತು ತೆಗೆಯುವುದು ಹೇಗೆ?

ಸೊಂಟವಾದರೂ ಹೇಗೋ ಆದೀತು, ಕಣ್ಣು ಮಬ್ಬಾಗಿತ್ತು. ಮಗ್ಗದ ಮೇಲೆ ಎಳೆ ಕಡಿದರೆ ಗಂಟು ಹಾಕಲು ಕಾಣುತ್ತಿರಲಿಲ್ಲ. ಕೈಗೆ ಕೈ ಜೋಡಿಸುವ ಸೊಸೆ ಬೇಕೇ ಬೇಕಿತ್ತು. ಉಳಿದದ್ದು ರಾಂಪುರದ ಪಾಪಕ್ಕನ ಮಗಳು ಗೋವಿಂದಮ್ಮ ಒಬ್ಬಳೇ. ಇದನ್ನೂ ಬೇಡ ಎಂದರೆ ನಿಮ್ಮ ಮನೆಗೆ ಹೆಣ್ಣು ಕೇಳುವ ಕೆಲಸಕ್ಕೆ ನಾವಿಲ್ಲ ಎಂದು ನೆಂಟರು ಕೈ ಮುಗಿದಿದ್ದರು.

ಆ ನೇಕಾರರಲ್ಲಿ ಹೆಣ್ಣು ನೋಡಲು ಹೋಗುವ ಗಂಡು ತಾನೇ ನೆಯ್ದ ಸೀರೆ ಒಯ್ಯಬೇಕು. ಹುಡುಗಿ ಅದನ್ನು ಉಟ್ಟು ಬಂದರೆ ಇವರು ಹೆಣ್ಣು ನೋಡಿದಂತೆ, ಅವರು ಗಂಡಿನ ಕಸುಬು ನೋಡಿದಂತೆ. ಚೌಡೇಶ ಒಯ್ದದ್ದು ಪಟದ ಸೀರೆಯನ್ನೇ: ಅದೇ ಗುಲಾಬಿ, ಎರಡೂ ಕಡೆ ಗೇಣಗಲದ ಜರಿ ಅಂಚು.

ಉಡಲು ಒಳಗೆ ಹೋದ ಗೋವಿಂದಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದಳು, ಎರಡೂ ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಕೆಸರು ದಾಟುವವಳಂತೆ. ಜರಿಯ ಭಾರಕ್ಕೆ ಸೆರಗು ಜಾರಿತು, ಅಂಚು ಕಾಲಿಗೆ ತೊಡರಿತು. ಗೋಡೆ ಹಿಡಿದು ನಿಂತಳು. ನಿಂತ ಮೇಲೆ ಸೀರೆ ಪಟದಲ್ಲಿದ್ದ ಹಾಗೆಯೇ ಇಳಿಬಿತ್ತು. ಚೌಡೇಶ ತೆರೆದ ಬಾಯಿ ಮುಚ್ಚಲಿಲ್ಲ.

"ಸೀರೆ ಬಲು ಚಂದ ಐತೆ ಅತ್ತಮ್ಮ," ಎಂದಳು ಅವಳು ಓಬಕ್ಕನಿಗೆ. "ಆದ್ರೆ ಇದನ್ನ ಉಟ್ಕಂಡು ನಿಂತ್ಕಬೋದು, ನಡಿಯಕಾಗಲ್ಲ. ನಿಮ್ಮನೆಗೆ ನಿಂತ್ಕಳೋಳು ಬೇಕೋ, ನಡಿಯೋಳು ಬೇಕೋ?"

"ಏ ಅಮ್ಮಾಯಿ, ಬಾಯಿ ಮುಚ್ಚೇ!" ಪಾಪಕ್ಕ ಮಗಳನ್ನು ಗದರಿದಳು.

"ಕೇಳ್ಲಿ ಬಿಡ್ರಿ ಪಾಪಕ್ಕ," ಎಂದಳು ಓಬಕ್ಕ. "ನಿಂತಿರೋಳು ಆಗ್ಲೇ ಒಬ್ಳು ಅವ್ಳೆ ನಮ್ಮನೇಲಿ. ಅವಳ ಮೇಲಿನ ಧೂಳೂ ನಾನೇ ಒರೆಸ್ಬೇಕು."

ಗೋವಿಂದಮ್ಮ ನಕ್ಕುಬಿಟ್ಟಳು. ಎದುರಿನ ಹಲ್ಲೊಂದು ಸೊಟ್ಟಗಿತ್ತು. ಹೋಯಿತು, ಇದೂ ಹೋಯಿತು ಎಂದುಕೊಂಡು ಓಬಕ್ಕ ಹೆದರಿ ಮಗನ ಕಡೆ ತಿರುಗಿದಳು. ಅವನು ಹಲ್ಲು ನೋಡುತ್ತಿರಲಿಲ್ಲ. ಹುಡುಗಿಯ ಕಾಲಿಗೆ ಸುತ್ತಿಕೊಂಡ ತನ್ನದೇ ಅಂಚನ್ನು ನೋಡುತ್ತಿದ್ದ. ಮೀಸೆ ಮೂಡುವ ಮೊದಲೇ ಮಗ್ಗಕ್ಕೆ ಕೂತವನು, ಸೀರೆ ಉಟ್ಟವರು ನಡೆಯುತ್ತಾರೆ ಎಂಬುದನ್ನೇ ಮರೆತು ನೆಯ್ದಿದ್ದ. ಕಿವಿ ಕೆಂಪಾಗಿತ್ತು.

"ಅಂಚು ಎಷ್ಟಗಲ ಇದ್ರೆ ನಡಿಯಕಾಗ್ತೈತಂತೆ, ಕೇಳವ್ವ," ಎಂದ ತಲೆ ಎತ್ತದೆ.

ಗೋವಿಂದಮ್ಮ ನೆರಿಗೆ ಬಿಟ್ಟು ಮೂರು ಬೆರಳು ತೋರಿಸಿದಳು.

"ಎರಡೇ ಬೆರಳು ಹೇಳಮ್ಮ," ಎಂದಳು ಓಬಕ್ಕ. "ನಮ್ಮನೆಗೆ ಬಾವಿ ದೂರ ಐತೆ."